ಊರಿಂದ ವಾಪಸ್ ಬಂದರೆ ಕಾರು ಸ್ಟಾರ್ಟ್ ಆಗುತ್ತಿಲ್ಲವೇ? ಹೊಸ ಬ್ಯಾಟರಿ ತರುವ ಮುನ್ನ ಈ ಸದ್ದು ಕೇಳಿಸಿಕೊಳ್ಳಿ

ಪುಣೆ: ದೀಪಾವಳಿಗೆಂದು ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗೆ ರೈಲು ಹತ್ತಿದವರು ಮೂರು ವಾರ ಬಿಟ್ಟು ಯೆರವಡಾದ ಮನೆಗೆ ಮರಳುತ್ತಾರೆ. ಸೋಮವಾರ ಬೆಳಗ್ಗೆ ಆಫೀಸಿಗೆ ಹೊರಟರೆ, ಸೊಸೈಟಿ ಪಾರ್ಕಿಂಗ್‌ನಲ್ಲಿ ಧೂಳು ಹಿಡಿದು ನಿಂತ ಕಾರು ಜಪ್ಪಯ್ಯ ಅಂದರೂ ಸ್ಟಾರ್ಟ್ ಆಗುವುದಿಲ್ಲ. ವಾಚ್‌ಮನ್ 'ಬ್ಯಾಟರಿ ಹೋಯ್ತು' ಎನ್ನುತ್ತಾರೆ, ಪಕ್ಕದ ಮನೆಯವರು 'ತಳ್ಳೋಣ' ಎನ್ನುತ್ತಾರೆ. 2020ರ ಲಾಕ್‌ಡೌನ್‌ನಲ್ಲಿ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದವರಿಗೆ ಈ ಅನುಭವ ಹೊಸದೇನಲ್ಲ. ಪುಣೆಯಲ್ಲಂತೂ ಮಾರ್ಚ್‌ನಲ್ಲಿ ಶುರುವಾದ ದೇಶವ್ಯಾಪಿ ಲಾಕ್‌ಡೌನ್ ಮುಗಿದ ಮೇಲೂ ಜುಲೈ 14ರಿಂದ 23ರವರೆಗೆ ಮತ್ತೊಮ್ಮೆ ಬೀಗ ಬಿದ್ದಿತ್ತು.

ಬ್ಯಾಟರಿಯೇ ಕಾರಣ ಎಂಬ ಊಹೆ ಬಹಳಷ್ಟು ಸಲ ಸರಿಯೇ. ಆದರೆ ತಪ್ಪಾದಾಗ ಸಾವಿರಾರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದರೂ ಕಾರು ನಿಂತಲ್ಲೇ ನಿಂತಿರುತ್ತದೆ. ಹಾಗಾಗಿ ಮೊದಲು ಕಿವಿ ಕೊಡಿ.

ಸದ್ದು ಏನು ಹೇಳುತ್ತದೆ?

ಕೀ ತಿರುಗಿಸಿದಾಗ 'ಟಿಕ್ ಟಿಕ್ ಟಿಕ್' ಎಂದು ಬೇಗಬೇಗ ಸದ್ದು ಬಂದು ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ ಬ್ಯಾಟರಿ ಇಳಿದಿದೆ ಎಂದರ್ಥ. ಒಂದೇ ಸಲ 'ಟಕ್' ಎಂದು ಸುಮ್ಮನಾಗಿ, ದೀಪಗಳು ಚೆನ್ನಾಗಿ ಉರಿಯುತ್ತಿದ್ದರೆ ಸ್ಟಾರ್ಟರ್ ಮೋಟಾರ್ ಅಥವಾ ಬ್ಯಾಟರಿಯ ಟರ್ಮಿನಲ್ ಮೇಲೆ ಅನುಮಾನ ಪಡಬೇಕು. ಮಳೆಗಾಲ ಕಳೆದ ಮೇಲೆ ಟರ್ಮಿನಲ್‌ಗೆ ಬಿಳಿ-ಹಸಿರು ಪುಡಿ ಕಟ್ಟಿರುವುದು ಸಾಮಾನ್ಯ. ಅದನ್ನು ಉಜ್ಜಿ ತೆಗೆದು ಕ್ಲ್ಯಾಂಪ್ ಬಿಗಿ ಮಾಡಿದರೆ ಎಷ್ಟೋ ಕಾರುಗಳು ಅಲ್ಲೇ ಎದ್ದುಬಿಡುತ್ತವೆ. ಯಾವ ಸದ್ದೂ ಇಲ್ಲ, ದೀಪ ಮಾತ್ರ ಉರಿಯುತ್ತಿದೆಯೇ? ಕ್ಲಚ್ ಪೂರ್ತಿ ಒತ್ತಿದ್ದೀರಾ, ಆಟೋಮ್ಯಾಟಿಕ್ ಆದರೆ ಗೇರ್ 'ಪಾರ್ಕ್'ನಲ್ಲಿದೆಯಾ ನೋಡಿ. ನಗಬೇಡಿ, ಗಡಿಬಿಡಿಯಲ್ಲಿ ಆಗುವ ತಪ್ಪೇ ಇದು.

ಎಂಜಿನ್ ಎಂದಿನ ವೇಗದಲ್ಲೇ ತಿರುಗುತ್ತಿದ್ದು, ಹೊತ್ತಿಕೊಳ್ಳುತ್ತಿಲ್ಲ ಎಂದರೆ ಬ್ಯಾಟರಿ ನಿರಪರಾಧಿ. ಇಂಧನ, ಸ್ಪಾರ್ಕ್ ಇಲ್ಲವೇ ಇಮೊಬಿಲೈಸರ್ ಕಡೆ ನೋಡಬೇಕು. ಯಾವುದೇ ಆದರೂ ಒಮ್ಮೆಗೆ ಹತ್ತು ಸೆಕೆಂಡ್‌ಗಿಂತ ಹೆಚ್ಚು ಕ್ರ್ಯಾಂಕ್ ಮಾಡಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ.

ನಿಂತ ಕಾರಿನ ಬ್ಯಾಟರಿ ಇಳಿಯುವುದೇಕೆ?

ಕೀ ತೆಗೆದ ಮೇಲೂ ಗಡಿಯಾರ, ಅಲಾರಂ, ಕಂಪ್ಯೂಟರ್ ಸ್ವಲ್ಪ ಕರೆಂಟ್ ಹೀರುತ್ತಲೇ ಇರುತ್ತವೆ. ಅದು 30 ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ದಿನಕ್ಕೆ 0.72 ಆಂಪಿಯರ್-ಅವರ್ ಆಯಿತು. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಹೊಸದಾಗಿದ್ದು, ಪೂರ್ತಿ ಚಾರ್ಜ್ ಆಗಿದ್ದರೂ ಸುಮಾರು 24 ದಿನಕ್ಕೆ ಅರ್ಧ ಖಾಲಿ. ಮೂರ್ನಾಲ್ಕು ವರ್ಷ ಹಳೆಯದಾದರೆ ಅಷ್ಟೂ ತಡೆಯುವುದಿಲ್ಲ. ಹೊರಗಿನಿಂದ ಹಾಕಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್ ಟ್ರ್ಯಾಕರ್ ನೇರವಾಗಿ ಬ್ಯಾಟರಿಗೇ ಸೇರಿದ್ದರೆ ವಾರ ಕಳೆಯುವುದರೊಳಗೆ ಕೈಕೊಡಬಹುದು. ಇಂಥ ಕಾರಿಗೆ ಹೊಸ ಬ್ಯಾಟರಿ ಹಾಕಿದರೆ ಮುಂದಿನ ರಜೆಗೆ ಅದೂ ಖಾಲಿ.

ಮಲ್ಟಿಮೀಟರ್ ಸಿಕ್ಕರೆ ಅಳೆಯಿರಿ. 12.6 ವೋಲ್ಟ್ ಎಂದರೆ ಪೂರ್ತಿ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕಡಿಮೆಯಾದರೆ ಚಾರ್ಜ್ ಮಾಡಲೇಬೇಕು.

ಸಿಎನ್‌ಜಿ ಕಾರಿನವರು ಗಮನಿಸಿ

ಪುಣೆಯಲ್ಲಿ ಸಿಎನ್‌ಜಿ ಕಾರುಗಳು ಕಡಿಮೆಯೇನಿಲ್ಲ. ಇವುಗಳಲ್ಲಿ ಹೆಚ್ಚಿನವು ಸ್ಟಾರ್ಟ್ ಆಗುವುದು ಪೆಟ್ರೋಲ್‌ನಲ್ಲಿ, ಆಮೇಲೆ ಗ್ಯಾಸ್‌ಗೆ ಬದಲಾಗುತ್ತವೆ. 'ಹೇಗೂ ಗ್ಯಾಸ್ ಇದೆಯಲ್ಲ' ಎಂದು ಪೆಟ್ರೋಲ್ ಟ್ಯಾಂಕ್ ಬರಿದಾಗಿಟ್ಟವರ ಕಾರು ಸಿಲಿಂಡರ್ ತುಂಬ ಗ್ಯಾಸ್ ಇದ್ದರೂ ಏಳುವುದಿಲ್ಲ. ತಳದಲ್ಲಿರುವ ಪೆಟ್ರೋಲ್ ಆರು ತಿಂಗಳ ಹಿಂದಿನದಾದರೆ ಅದೂ ಕಷ್ಟವೇ. ಈಗಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ಗಾಳಿಯ ತೇವ ಹೀರುತ್ತದೆ. ಐದಾರು ಲೀಟರ್ ಹೊಸ ಪೆಟ್ರೋಲ್ ಹಾಕಿ ನೋಡಿ.

ಡ್ಯಾಶ್‌ಬೋರ್ಡ್‌ನಲ್ಲಿ ಕೀ ಚಿತ್ರ ಮಿನುಗುತ್ತಿದ್ದರೆ ಕಾರು ನಿಮ್ಮ ಕೀಯನ್ನು ಗುರುತಿಸುತ್ತಿಲ್ಲ. ಇನ್ನೊಂದು ಕೀ ಪ್ರಯತ್ನಿಸಿ. ಪುಶ್ ಬಟನ್ ಕಾರಾದರೆ ರಿಮೋಟ್‌ನ ಗುಂಡಿ ಬ್ಯಾಟರಿ ಬದಲಿಸಿ. ಇನ್ನು ಇಲಿಗಳು: ಬಾನೆಟ್ ತೆಗೆದಾಗ ಹಿಕ್ಕೆ, ಕಡಿದ ವೈರ್ ಕಂಡರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಮತ್ತೆ ಕೀ ಮುಟ್ಟಬೇಡಿ, ಮೆಕ್ಯಾನಿಕ್ ಕರೆಸಿ.

ನೀರು ನುಗ್ಗಿದ್ದರೆ ಮುಟ್ಟಲೇಬೇಡಿ

ಯೆರವಡಾ ಇರುವುದು ಮುಳಾ-ಮುಠಾ ನದಿಯ ದಡದಲ್ಲಿ. 2024ರ ಜುಲೈ 25ರಂದು ಭಾರಿ ಮಳೆಯ ನಡುವೆ ಖಡಕ್‌ವಾಸ್ಲಾ ಜಲಾಶಯದಿಂದ ನೀರು ಬಿಟ್ಟಾಗ ನಗರದ ಇನ್ನೊಂದು ಬದಿಯ ಏಕತಾ ನಗರಿ ಜಲಾವೃತವಾಗಿತ್ತು. ನೀವಿಲ್ಲದಾಗ ಪಾರ್ಕಿಂಗ್‌ಗೆ ನೀರು ಬಂದಿತ್ತೇ ಎಂದು ವಾಚ್‌ಮನ್‌ರನ್ನು ಕೇಳಿ. ಕಾರ್ಪೆಟ್ ಒದ್ದೆಯಿದ್ದರೆ, ಬಾಗಿಲ ಮೇಲೆ ಕೆಸರಿನ ಗೆರೆಯಿದ್ದರೆ ಒಮ್ಮೆಯೂ ಕೀ ತಿರುಗಿಸಬೇಡಿ. ಸಿಲಿಂಡರ್ ಒಳಗಿನ ನೀರು ಗಾಳಿಯಂತೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಆಮೇಲೆ ಬರುವುದು ಎಂಜಿನ್ ಬಿಚ್ಚುವ ಬಿಲ್. ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದ ವಿಮೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ವಿಮಾ ಕಂಪನಿಗೆ ತಿಳಿಸಿ, ಟೋ ಮಾಡಿಸಿ.

ಬ್ಯಾಟರಿ ಮಾತ್ರ ಇಳಿದಿದ್ದರೆ

ಜಂಪ್ ಸ್ಟಾರ್ಟ್ ಸಾಕು. ಕೆಂಪು ಕೇಬಲ್ ಮೊದಲು ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ನಂತರ ಇನ್ನೊಂದು ಕಾರಿನ ಪ್ಲಸ್‌ಗೆ. ಕಪ್ಪು ಕೇಬಲ್ ಆ ಕಾರಿನ ಮೈನಸ್‌ಗೆ, ಕೊನೆಯ ತುದಿ ನಿಮ್ಮ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ, ಬ್ಯಾಟರಿಯಿಂದ ದೂರದಲ್ಲಿ. ಬ್ಯಾಟರಿಯಿಂದ ಹೊಮ್ಮುವ ಹೈಡ್ರೋಜನ್‌ಗೆ ಕಿಡಿ ತಗುಲಬಾರದು. ಬಿಚ್ಚುವಾಗ ಇದೇ ಕ್ರಮ ಉಲ್ಟಾ. ತಳ್ಳಿ ಸ್ಟಾರ್ಟ್ ಮಾಡುವುದು ಆಟೋಮ್ಯಾಟಿಕ್ ಕಾರಿಗೆ ಆಗದ ಮಾತು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಫ್ಯೂಯಲ್ ಪಂಪ್‌ಗೂ ಕರೆಂಟ್ ಇರುವುದಿಲ್ಲವಾದ್ದರಿಂದ ಮ್ಯಾನುಯಲ್ ಕಾರೂ ಏಳುವುದಿಲ್ಲ.

ಕಾರು ಎದ್ದ ಮೇಲೆ ಹತ್ತು ನಿಮಿಷ ನಿಂತಲ್ಲೇ ಓಡಿಸಿದರೆ ಬ್ಯಾಟರಿ ತುಂಬುವುದಿಲ್ಲ. ನಗರ ರಸ್ತೆಯಲ್ಲಿ ಮುಕ್ಕಾಲು ಗಂಟೆ ಓಡಿಸಿ ಬನ್ನಿ, ಆಮೇಲೂ ಚಾರ್ಜರ್‌ಗೆ ಹಾಕಿದರೆ ಒಳ್ಳೆಯದು. ಮರುದಿನ ಬೆಳಗ್ಗೆ ಮತ್ತೆ ಅದೇ 'ಟಿಕ್ ಟಿಕ್' ಕೇಳಿಸಿತೇ? ಆಗ ಅಂಗಡಿಯಲ್ಲಿ ಬ್ಯಾಟರಿಯ ಲೋಡ್ ಟೆಸ್ಟ್ ಮಾಡಿಸಿ. ಜತೆಗೆ ಕೀ ತೆಗೆದಾಗ ಎಷ್ಟು ಕರೆಂಟ್ ಸೋರುತ್ತಿದೆ ಎಂಬುದನ್ನೂ ಎಲೆಕ್ಟ್ರೀಷಿಯನ್‌ಗೆ ಅಳೆಯಲು ಹೇಳಿ.