ಟಿಪ್ಪು ಬಚ್ಚಿಟ್ಟಿದ್ದ ಕನಸಿನ ಪುಸ್ತಕ

ಬಸ್ಸಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೂತಿರೋರಿಗೂ, ಸೀಟ್ ಸಿಗದೆ ಕಂಬ ಹಿಡ್ಕೊಂಡು ನಿಂತಿರೋರಿಗೂ ಸ್ವಾಗತ. ಇವತ್ತಿನ ಎಪಿಸೋಡ್ ಟಿಪ್ಪು ಸುಲ್ತಾನ್ ಬಗ್ಗೆ.

ಒಂದು ನಿಮಿಷ ತಡೀರಿ. ಹೆಸರು ಕೇಳಿದ ತಕ್ಷಣ ನಿಮ್ಮೊಳಗೆ ಏನೋ ಒಂದು ಆಯ್ತಲ್ವಾ? ಕೆಲವರಿಗೆ ಹೆಮ್ಮೆ, ಕೆಲವರಿಗೆ ಸಿಟ್ಟು, ಇನ್ನು ಕೆಲವರಿಗೆ "ಅಯ್ಯೋ, ಈ ವಿಷಯ ಯಾಕಪ್ಪಾ" ಅಂತ ಬೇಸರ. ನಾನಿನ್ನೂ ಏನೂ ಹೇಳೇ ಇಲ್ಲ. ಆದ್ರೂ ಭಾವನೆ ಬಂದು ಕೂತುಬಿಟ್ಟಿದೆ. ಅದು ಬಂದಿದ್ದೆಲ್ಲಿಂದ? ಇವತ್ತು ನಾವು ಹುಡುಕೋದು ಇದನ್ನೇ. ಅದಕ್ಕೆ ಯುದ್ಧಗಳ ಕಥೆಗಿಂತ ಟಿಪ್ಪು ಕಂಡ ಕನಸುಗಳೇ ಹೆಚ್ಚು ಸಹಾಯ ಮಾಡ್ತವೆ.

ದೇವನಹಳ್ಳಿ ಅಂದ್ರೆ ಈಗ ನಮಗೆಲ್ಲ ಏರ್‌ಪೋರ್ಟ್. ಆದ್ರೆ ಅಲ್ಲಿನ ಹಳೇ ಕೋಟೆ ಹತ್ತಿರ ಕಲ್ಲುಕಂಬಗಳ ಒಂದು ಪುಟ್ಟ ಮಂಟಪ ಇದೆ. ಟಿಪ್ಪು 1750ರಲ್ಲಿ ಹುಟ್ಟಿದ ಜಾಗ ಅಂತ ಗುರುತಿಸಿರೋದು ಅದನ್ನೇ. ದೊಡ್ಡಬಳ್ಳಾಪುರದಲ್ಲಿ ಓದುವಾಗ ಸ್ಕೂಲ್ ಟ್ರಿಪ್‌ನಲ್ಲಿ ನಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗಿದ್ರು. ಅಲ್ಲಿ ತಿಂದ ಚಿತ್ರಾನ್ನ ನೆನಪಿದೆ, ಮೇಷ್ಟ್ರು ಹೇಳಿದ ಇತಿಹಾಸ ನೆನಪಿಲ್ಲ. ಆದ್ರೆ ಊರಿನ ಹೆಸರು ಕೇಳಿದ್ರೆ "ನಮ್ಮದು" ಅನ್ನೋ ಒಂದು ಖುಷಿ ಮಾತ್ರ ಇವತ್ತಿಗೂ ಹಾಗೇ ಇದೆ.

ಈಗ ಶ್ರೀರಂಗಪಟ್ಟಣಕ್ಕೆ ಹೋಗೋಣ. 1799ರ ಮೇ 4. ಕೋಟೆ ಬಿತ್ತು, ಟಿಪ್ಪು ಸತ್ತ. ಆಮೇಲೆ ಅರಮನೆಯ ಕಾಗದಪತ್ರ ಜಾಲಾಡಿದ ಕರ್ನಲ್ ಕಿರ್ಕ್‌ಪ್ಯಾಟ್ರಿಕ್ ಅನ್ನೋ ಬ್ರಿಟಿಷ್ ಅಧಿಕಾರಿಗೆ ಬರವಣಿಗೆ ಮೇಜಿನೊಳಗೆ, ಗುಟ್ಟಿನ ಕಾಗದಗಳ ಮಧ್ಯೆ, ಒಂದು ಚಿಕ್ಕ ಪುಸ್ತಕ ಸಿಕ್ತು. ಪರ್ಷಿಯನ್ ಭಾಷೆ, ಟಿಪ್ಪುವಿನದೇ ಕೈಬರಹ. ಅದರಲ್ಲಿದ್ದಿದ್ದು ಅವನು ಕಂಡ ಕನಸುಗಳು. 1785ರಿಂದ 1798ರವರೆಗೆ, ಒಟ್ಟು 37.

ಪುಸ್ತಕ ಸಿಕ್ಕಾಗ ಟಿಪ್ಪುವಿನ ಆಪ್ತ ಸೇವಕ ಹಬೀಬುಲ್ಲಾ ಅಲ್ಲೇ ಇದ್ದ. ಇಂಥದ್ದೊಂದು ಪುಸ್ತಕ ಇದೆ ಅಂತ ಅವನಿಗೆ ಗೊತ್ತಿತ್ತು, ಆದ್ರೆ ಕಣ್ಣಾರೆ ನೋಡಿರಲಿಲ್ಲ. ಸುಲ್ತಾನ ಅದನ್ನ ಓದುವಾಗ, ಬರೆಯುವಾಗ ಯಾರಾದ್ರೂ ಬಂದ್ರೆ ಮುಚ್ಚಿಡ್ತಿದ್ದನಂತೆ. 1800ರಲ್ಲಿ ಆ ಪುಸ್ತಕ ಲಂಡನ್‌ಗೆ ಹೋಯ್ತು. ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ್ ಕಾರ್ನಾಡರು 1997ರಲ್ಲಿ ಬಿಬಿಸಿ ರೇಡಿಯೋಗೆ ಬರೆದ ಟಿಪ್ಪು ನಾಟಕಕ್ಕೆ ಮೂಲ ಈ ಕನಸುಗಳೇ.

ಆ ಕನಸುಗಳಲ್ಲಿ ಏನಿತ್ತು? ಮೂರು ಉದಾಹರಣೆ ಕೊಡ್ತೀನಿ.

ಒಂದು ಕನಸಲ್ಲಿ ಬೆಳ್ಳಿ ತಟ್ಟೆಗಳು ಬರ್ತವೆ. ಮೂರು ತಟ್ಟೆ, ಅದರ ತುಂಬ ರಸ ತುಂಬಿದ ಖರ್ಜೂರ, ಅವನದೇ ತೋಟದ್ದು. ಎದ್ದ ಮೇಲೆ ಅವನೇ ಅರ್ಥ ಬರೀತಾನೆ: ಮೂವರು ಶತ್ರುಗಳ ರಾಜ್ಯ ನನ್ನ ಕೈಗೆ ಬರುತ್ತೆ. ನೋಡಿ, ತಟ್ಟೆಯಲ್ಲಿದ್ದಿದ್ದು ಹಣ್ಣು. ತಲೇಲಿದ್ದಿದ್ದು ಬ್ರಿಟಿಷರು, ಮರಾಠರು, ನಿಜಾಮ.

ಎರಡನೇದು 1786ರದ್ದು. ಮರಾಠ ಸೇನಾಪತಿ ಹರಿಪಂತ ಫಡ್ಕೆಯ ಪಾಳ್ಯದ ಮೇಲೆ ರಾತ್ರಿ ದಾಳಿ ಮಾಡೋಕೆ ಮುಂಚೆ ಬಿದ್ದ ಕನಸು. ಪಕ್ಕದಲ್ಲಿ ಒಬ್ಬ ಸುಂದರ ಯುವಕ ಕೂತಿದ್ದಾನೆ. ಸ್ವಲ್ಪ ಹೊತ್ತಿಗೆ ನೋಡಿದ್ರೆ ಅದು ಗಂಡಸಿನ ವೇಷದ ಹೆಂಗಸು. ಟಿಪ್ಪು ಬರೆದ ಅರ್ಥ: ಮರಾಠರು ಗಂಡಸರ ವೇಷದಲ್ಲಿದ್ರೂ ಹೆಂಗಸರೇ. ಈ ಮಾತು ಇವತ್ತು ಕೇಳೋಕೆ ಕಸಿವಿಸಿ ಆಗುತ್ತೆ, ಇರಲಿ. ಗಮನಿಸಬೇಕಾದ್ದು ಬೇರೆ. ದಾಳಿ ಗೆದ್ದಿದ್ದು, ಮರಾಠರು ಓಡಿದ್ದು ಕೂಡ ಅದೇ ಟಿಪ್ಪಣಿಯಲ್ಲಿದೆ. ಅಂದ್ರೆ ಟಿಪ್ಪಣಿ ಪೂರ್ತಿ ಆಗಿದ್ದು ಗೆಲುವಿನ ನಂತರ. ಫಲಿತಾಂಶ ಗೊತ್ತಾದ ಮೇಲೆ ಕನಸಿನ ಅರ್ಥ ಇನ್ನೂ ಗಟ್ಟಿಯಾಗಿ ಕೂತಿದೆ.

ಮೂರನೇದು ನನ್ನನ್ನ ತುಂಬ ಕಾಡಿದ್ದು. ಒಂದು ದೊಡ್ಡ ದೇವಸ್ಥಾನ, ಹಿಂಭಾಗ ಸ್ವಲ್ಪ ಹಾಳಾಗಿದೆ. ಒಳಗಿನ ವಿಗ್ರಹಗಳ ಕಣ್ಣು ಮನುಷ್ಯರ ಕಣ್ಣಿನ ಥರ ಆಡ್ತಿವೆ. ಕೊನೇ ಸಾಲಿನ ಒಂದು ಸ್ತ್ರೀ ವಿಗ್ರಹ ಇವನ ಜೊತೆ ಮಾತಾಡುತ್ತೆ, ತಾವು ಬಹಳ ಕಾಲದಿಂದ ದೇವರನ್ನ ಪ್ರಾರ್ಥಿಸ್ತಿದ್ದೀವಿ ಅನ್ನುತ್ತೆ. ಟಿಪ್ಪು "ಒಳ್ಳೇದು, ಮುಂದುವರಿಸಿ" ಅಂತ ಹೇಳಿ, ಕಟ್ಟಡ ರಿಪೇರಿ ಮಾಡಿ ಅಂತ ತನ್ನವರಿಗೆ ಆಜ್ಞೆ ಮಾಡ್ತಾನೆ. ಅಲ್ಲಿಗೆ ಎಚ್ಚರ. ಟಿಪ್ಪುವನ್ನ ಇಷ್ಟಪಡೋರ ಚಿತ್ರಕ್ಕೂ ದ್ವೇಷಿಸೋರ ಚಿತ್ರಕ್ಕೂ ಈ ಕನಸು ಸರಿಯಾಗಿ ಹೊಂದಲ್ಲ.

ಈ ಪುಸ್ತಕ ತುಂಬಿದ ವರ್ಷಗಳಲ್ಲಿ ಅವನ ಬದುಕು ಹೇಗಿತ್ತು? 1791ರಲ್ಲಿ ಹುಟ್ಟೂರು ದೇವನಹಳ್ಳಿ ಕಾರ್ನ್‌ವಾಲಿಸ್ ಕೈಗೆ ಹೋಯ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯ್ತು, ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ತೀರೋವರೆಗೆ ಇಬ್ಬರು ಚಿಕ್ಕ ಗಂಡುಮಕ್ಕಳು ಬ್ರಿಟಿಷರ ಹತ್ತಿರ ಒತ್ತೆ. ಅವರು ವಾಪಸ್ ಬಂದಿದ್ದು 1794ರಲ್ಲಿ. ದರ್ಬಾರಿನಲ್ಲಿ ರಾಜ ಹೆದರೋ ಹಾಗಿಲ್ಲ. ಆ ಭಯಕ್ಕೆ ರಾತ್ರಿ ಒಂದೇ ದಾರಿ ಇತ್ತು ಅಂತ ನನಗನ್ಸುತ್ತೆ.

ಟಿಪ್ಪು ಸತ್ತು ಸುಮಾರು ನೂರು ವರ್ಷಕ್ಕೆ, 1899ರ ನವೆಂಬರ್‌ನಲ್ಲಿ, ಸಿಗ್ಮಂಡ್ ಫ್ರಾಯ್ಡ್ ಕನಸುಗಳ ಬಗ್ಗೆ ತನ್ನ ಪ್ರಸಿದ್ಧ ಪುಸ್ತಕ ಹೊರತಂದ. ನಾವು ಒಪ್ಪಿಕೊಳ್ಳದ ಆಸೆಗಳು ಸುಪ್ತ ಮನಸ್ಸಲ್ಲಿ ಕೂತು ಕನಸಿನ ವೇಷದಲ್ಲಿ ಬರ್ತವೆ ಅನ್ನೋದು ಅವನ ವಾದ. ಅದರಲ್ಲಿ ಎಷ್ಟೋ ವಿಷಯ ಇವತ್ತಿನ ವಿಜ್ಞಾನ ಒಪ್ಪಲ್ಲ. ಅಲ್ಲದೆ ಕನಸು ಕಂಡವನು ಎದುರಿಗೆ ಕೂತು ಮಾತಾಡದೆ ಅರ್ಥ ಹೇಳೋಕಾಗಲ್ಲ ಅಂತ ಫ್ರಾಯ್ಡೇ ಹೇಳಿದ್ದ. ಹಾಗಾಗಿ ನಾನಿಲ್ಲಿ ಟಿಪ್ಪುಗೆ ಡಾಕ್ಟರ್ ಆಗೋಕೆ ಹೋಗಲ್ಲ.

ಆದ್ರೆ ಒಂದು ಮಾತು ಗಟ್ಟಿಯಾಗಿ ನಿಂತಿದೆ: ಭಾವನೆ ಮೊದಲು ಬರುತ್ತೆ, ಕಾರಣ ಆಮೇಲೆ. ಕ್ಲಾಪರೇಡ್ ಅಂತ ಜಿನೀವಾದ ಒಬ್ಬ ವೈದ್ಯ 1911ರಲ್ಲಿ ಒಂದು ಪ್ರಯೋಗ ಬರೆದಿಟ್ಟ. ಅವನ ಹತ್ತಿರ ಹೊಸ ನೆನಪು ಉಳಿಯದ ಒಬ್ಬ ಹೆಂಗಸು ಇದ್ದಳು. ದಿನಾ ನೋಡಿದ್ರೂ ಇವನ ಗುರುತೇ ಇಲ್ಲ. ಒಂದು ದಿನ ಕೈಯಲ್ಲಿ ಗುಂಡುಪಿನ್ ಬಚ್ಚಿಟ್ಕೊಂಡು ಅವಳ ಕೈ ಕುಲುಕಿದ, ಚುಚ್ಚಿತು. ಅವಳು ಅದನ್ನೂ ಮರೆತಳು. ಆದ್ರೆ ಆಮೇಲೆ ಅವನು ಕೈ ಚಾಚಿದಾಗ ಅವಳು ತನ್ನ ಕೈ ಹಿಂದಕ್ಕೆ ಎಳ್ಕೊಂಡಳು. ಯಾಕೆ ಅಂದ್ರೆ, ಕೈ ಹಿಂದಕ್ಕೆ ತಗೊಳ್ಳೋ ಹಕ್ಕು ನನಗಿಲ್ವಾ ಅನ್ನೋ ಥರ ಉತ್ತರ ಕೊಟ್ಟಳು. ಚುಚ್ಚಿದ್ದು ನೆನಪಿಲ್ಲ, ಭಯ ಮಾತ್ರ ಉಳಿದಿದೆ. ಕಾರಣಾನ ಆಗಲೇ ಹೊಸದಾಗಿ ಹೊಸೆದಳು.

ನಾನು ಬಿ.ಕಾಂ. ಓದಿದವನು. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ರೆ ವ್ಯತ್ಯಾಸದ ಮೊತ್ತಾನ ಸಸ್ಪೆನ್ಸ್ ಅಕೌಂಟಿಗೆ ಹಾಕಿ, ತಪ್ಪು ಎಲ್ಲಾಯ್ತು ಅಂತ ಹುಡುಕ್ತೀವಿ. ಮನಸ್ಸು ಅಷ್ಟು ನಿಯತ್ತಿನ ಅಕೌಂಟೆಂಟ್ ಅಲ್ಲ. ಸಿಕ್ಕ ಹೆಸರಲ್ಲಿ ಒಂದು ಎಂಟ್ರಿ ಹಾಕಿ ಲೆಕ್ಕ ಮುಗಿಸಿಬಿಡುತ್ತೆ.

ಈಗ ಮೊದಲ ಪ್ರಶ್ನೆಗೆ ವಾಪಸ್ ಬರೋಣ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರರ ಕೆಲವು ಮನೆಗಳಲ್ಲಿ ಟಿಪ್ಪು ಕಾಲದ ಸಾವುಗಳ ನೆನಪಿಗೆ ನರಕ ಚತುರ್ದಶಿ ಹಬ್ಬ ಮಾಡಲ್ಲ. ಆ ಮನೆಯ ಮಗುವಿಗೆ ಇತಿಹಾಸ ತಿಳಿಯೋ ಮುಂಚೆ ದುಃಖ ತಿಳಿಯುತ್ತೆ. ದೇವನಹಳ್ಳಿ ಮಂಟಪದ ಮುಂದೆ ಚಿತ್ರಾನ್ನ ತಿಂದ ನನಗೆ ಇತಿಹಾಸ ತಿಳಿಯೋ ಮುಂಚೆ ಹೆಮ್ಮೆ ಬಂದಿತ್ತು. 2015ರಲ್ಲಿ ಸರ್ಕಾರ ಟಿಪ್ಪು ಜಯಂತಿ ಶುರು ಮಾಡಿತು, 2019ರಲ್ಲಿ ಇನ್ನೊಂದು ಸರ್ಕಾರ ನಿಲ್ಲಿಸಿತು. ಆ ವರ್ಷಗಳಲ್ಲಿ ಟಿವಿ ಮುಂದೆ ಕೂಗಾಡಿದ ನಮ್ಮಲ್ಲಿ ಎಷ್ಟು ಜನ ಪುಸ್ತಕ ಓದಿ ಆಮೇಲೆ ಸಿಟ್ಟಾದ್ವಿ?

ಈ ಎಪಿಸೋಡ್ ಮಾಡ್ತೀನಿ ಅಂದಾಗ ಒಬ್ಬ ಫ್ರೆಂಡ್ "ಬೇಡ ಬಿಡೋ" ಅಂದ. ಇನ್ನೊಬ್ಬ "ಸಖತ್ತಾಗಿ ಮಾಡು ಮಗಾ" ಅಂದ. ಏನು ಮಾತಾಡ್ತೀಯ ಅಂತ ಇಬ್ಬರೂ ಕೇಳಲಿಲ್ಲ. ನನಗೂ ಅಷ್ಟೇ. "ಬೇಡ" ಅಂದವನ ಮೇಲೆ ಮೊದಲು ಸಿಟ್ಟು ಬಂತು, ಆಮೇಲೆ ಅದಕ್ಕೆ ಕಾರಣ ಹುಡುಕಿದೆ.

ಭಾವನೆ ತಪ್ಪು ಅಂತ ಹೇಳ್ತಿಲ್ಲ. ಮೇಲುಕೋಟೆಯ ದುಃಖಾನೂ ಸುಳ್ಳಲ್ಲ, ದೇವನಹಳ್ಳಿಯ ಹೆಮ್ಮೆಯೂ ಸುಳ್ಳಲ್ಲ. ಆದ್ರೆ ಭಾವನೆ ಜೋರಾಗಿದೆ ಅಂದ ಮಾತ್ರಕ್ಕೆ ಅದಕ್ಕೆ ನಾವು ಕೊಡೋ ಕಾರಣ ಸರಿ ಅಂತ ಅಲ್ಲ. ಟಿಪ್ಪು ಕನಿಷ್ಠ ಕನಸನ್ನೂ ಅರ್ಥವನ್ನೂ ಬೇರೆಬೇರೆಯಾಗಿ ಬರೆದಿಟ್ಟ. ಅದಕ್ಕೇ 200 ವರ್ಷ ಆದ್ಮೇಲೂ ನಾವು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಮುಂದಿನ ಸಲ ಯಾವುದೋ ಹೆಸರು ಕೇಳಿ ರಕ್ತ ಕುದ್ದಾಗ, ಕಾಮೆಂಟ್ ಹಾಕೋ ಮುಂಚೆ ಫೋನ್‌ನಲ್ಲಿ ಎರಡು ಸಾಲು ಬರ್ಕೊಳ್ಳಿ. ಒಂದರಲ್ಲಿ ಏನನ್ನಿಸ್ತು, ಇನ್ನೊಂದರಲ್ಲಿ ಯಾಕೆ ಅನ್ನಿಸ್ತು. ಎರಡನೇ ಸಾಲು ಬರೆಯೋಕೆ ಕಷ್ಟ ಆದ್ರೆ ಹುಡುಕಬೇಕಾದ್ದು ಅಲ್ಲೇ ಇದೆ.

ಮತ್ತೆ ಸಿಗೋಣ. ಬಸ್ ಇಳಿಯುವಾಗ ಹುಷಾರು.