ಒಸಿಐ ಕಾರ್ಡ್ ಇದ್ದರೆ ಊರಲ್ಲಿ ಹೊಲ ಕೊಳ್ಳಬಹುದೇ?

ಬ್ರಿಟಿಷ್ ಪೌರತ್ವ ಪಡೆದವರು ಒಸಿಐ ಕಾರ್ಡ್ ಮಾಡಿಸಿಕೊಂಡರೆ ಎರಡೂ ದೇಶಗಳ ಪ್ರಜೆಗಳಾಗುತ್ತಾರೆ, ಇಲ್ಲಿ ಮತ ಹಾಕಬಹುದು, ಜಮೀನನ್ನೂ ಕೊಳ್ಳಬಹುದು ಎಂದು ಹಲವರು ನಂಬಿದ್ದಾರೆ. ಇದು ನಿಜವೇ? ನೋಡೋಣ.

ಪೌರತ್ವ: ಪೌರತ್ವ ಕಾಯ್ದೆಯ 9ನೇ ಸೆಕ್ಷನ್ನಿನಂತೆ ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವರು ಭಾರತದ ಪ್ರಜೆಯಲ್ಲ. ಹಳೆಯ ಭಾರತೀಯ ಪಾಸ್‌ಪೋರ್ಟನ್ನು ಹಿಂದಿರುಗಿಸಲೇಬೇಕು. ಒಸಿಐ ಎಂಬುದು ಜೀವಮಾನದ ವೀಸಾ ಇದ್ದಂತೆ, ಮತದ ಹಕ್ಕು ಅದರಲ್ಲಿಲ್ಲ.

ವಾಸ: ಪ್ರವಾಸಿ ವೀಸಾದಲ್ಲಿ ಬರುವ ಬ್ರಿಟಿಷ್ ಪ್ರಜೆ ಒಂದೇ ಸಲಕ್ಕೆ 180 ದಿನ ಮೀರಿ ಉಳಿಯುವಂತಿಲ್ಲ. ಒಸಿಐ ಇದ್ದವರಿಗೆ ಈ ಮಿತಿಯಿಲ್ಲ. ಪ್ರಯಾಣದಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್, ಒಸಿಐ ಕಾರ್ಡ್ ಎರಡೂ ಜೊತೆಗಿರಲಿ.

ಜಮೀನು: ಕರ್ನಾಟಕದಲ್ಲಿ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು. ಗೊಂದಲ ಹುಟ್ಟುವುದು ಇಲ್ಲೇ. ಆ ಸಡಿಲಿಕೆ ರಾಜ್ಯದ ಕಾನೂನಿನದು. ಕೇಂದ್ರದ ವಿದೇಶಿ ವಿನಿಮಯ ಕಾನೂನು (ಫೆಮಾ) ಒಸಿಐದಾರರು ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವುದನ್ನು ಈಗಲೂ ತಡೆಯುತ್ತದೆ. ಚಿಂತಾಮಣಿ ತಾಲ್ಲೂಕಿನ ಅಂಬಾಜಿದುರ್ಗದಲ್ಲಿ ಅಪ್ಪ ಅಮ್ಮನ ಹೊಲವಿದ್ದರೆ, ಲಂಡನ್ನಿನ ಮಗಳಿಗೆ ಅದು ವಾರಸುದಾರಿಕೆಯಿಂದ ಬರಬಹುದು. ಬದುಕಿರುವಾಗ ದಾನಪತ್ರ ಮಾಡಿಕೊಡಲು ಅವಕಾಶವಿಲ್ಲ. ಮನೆ, ಫ್ಲ್ಯಾಟ್ ಕೊಳ್ಳಲು ಅಡ್ಡಿಯಿಲ್ಲ.

ಫೆಮಾ ಉಲ್ಲಂಘನೆಗೆ ಮೊತ್ತದ ಮೂರು ಪಟ್ಟಿನವರೆಗೂ ದಂಡ ಬೀಳಬಹುದು. ನೆಂಟರ ಹೆಸರಲ್ಲಿ ತಮ್ಮ ದುಡ್ಡಿನಿಂದ ಕೊಂಡರೆ ಬೇನಾಮಿ ಕಾಯ್ದೆಯ ತೊಡಕೂ ಎದುರಾದೀತು. ಅಡ್ವಾನ್ಸ್ ಕೊಡುವ ಮೊದಲು ವಕೀಲರನ್ನು ಕೇಳಿ, ಫಾರ್ವರ್ಡ್ ಮಾಡುವ ಮೊದಲು ನಾವು ಹೇಳಿದ್ದನ್ನು ನೆನಪಿಸಿಕೊಳ್ಳಿ.