ಪವರ್ ಪ್ರೆಸ್ ಯಂತ್ರದಲ್ಲಿ ಕೈ ಜಜ್ಜುವ ಅಪಘಾತಗಳು: ಮುನ್ನೆಚ್ಚರಿಕೆ ಮತ್ತು ಪರಿಹಾರ

ತಗಡನ್ನು ಕತ್ತರಿಸುವ ಹಾಗೂ ಬಾಗಿಸುವ ವರ್ಕ್‌ಶಾಪ್‌ಗಳಲ್ಲಿ ಪವರ್ ಪ್ರೆಸ್ ಯಂತ್ರದ ಡೈಗಳ ನಡುವೆ ಕೈ ಸಿಲುಕಿ ಕಾರ್ಮಿಕರು ಬೆರಳುಗಳನ್ನು ಕಳೆದುಕೊಳ್ಳುವ ಸಂಭವವಿರುತ್ತದೆ. ಕಾರ್ಮಿಕರ ಹಾಗೂ ಅವರ ಕುಟುಂಬದವರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

1. ಅಪಘಾತದ ಕಾರಣಗಳು
ಕೀ ಕ್ಲಚ್ ಇರುವ ಪ್ರೆಸ್‌ಗಳಲ್ಲಿ ಪೆಡಲ್ ತುಳಿದ ನಂತರ ಹೊಡೆತವನ್ನು ನಡುವೆ ನಿಲ್ಲಿಸಲಾಗದು. ಕ್ಲಚ್‌ನ ಭಾಗಗಳು ಸವೆದಿದ್ದಲ್ಲಿ ಪೆಡಲ್ ತುಳಿಯದಿದ್ದರೂ ಹೊಡೆತ ಮರುಕಳಿಸಬಹುದು. ಸ್ವಿಚ್ ಆರಿಸಿದ ಮೇಲೂ ಫ್ಲೈವೀಲ್ ಕೆಲಕಾಲ ತಿರುಗುತ್ತಿರುತ್ತದೆ.

2. ಮುನ್ನೆಚ್ಚರಿಕೆ
ಡೈ ಭಾಗಕ್ಕೆ ಕೈ ತಲುಪದಂತೆ ಗಾರ್ಡ್ ಅಳವಡಿಸತಕ್ಕದ್ದು. ಡೈ ಬದಲಿಸುವಾಗ ವಿದ್ಯುತ್ ಕಡಿತಗೊಳಿಸಿ, ಫ್ಲೈವೀಲ್ ಪೂರ್ಣ ನಿಂತ ಬಳಿಕವೇ ಕೈ ಹಾಕತಕ್ಕದ್ದು.

3. ಪರಿಹಾರ ಯಾರಿಂದ?
ಇ.ಎಸ್.ಐ. ವಿಮೆಗೆ ಒಳಪಟ್ಟವರು ಇ.ಎಸ್.ಐ. ನಿಗಮದಿಂದ ಸೌಲಭ್ಯ ಪಡೆಯುತ್ತಾರೆ. ಉಳಿದವರಿಗೆ ಮಾಲೀಕರೇ ಪರಿಹಾರ ನೀಡಬೇಕು. 21-11-2025ರಿಂದ ಇದು ಸಾಮಾಜಿಕ ಭದ್ರತಾ ಸಂಹಿತೆ, 2020ಕ್ಕೆ ಒಳಪಟ್ಟಿದೆ. ಅದಕ್ಕೆ ಮುಂಚಿನ ಅಪಘಾತಗಳಿಗೆ ನೌಕರರ ಪರಿಹಾರ ಕಾಯ್ದೆ, 1923 ಅನ್ವಯಿಸುತ್ತದೆ.

4. ಮೊತ್ತದ ಲೆಕ್ಕ
ಹೆಬ್ಬೆರಳು ಪೂರ್ಣ ಹೋದಲ್ಲಿ ಗಳಿಕೆಯ ಸಾಮರ್ಥ್ಯದ ನಷ್ಟ ಶೇ. 30, ಒಂದೇ ಕೈಯ ನಾಲ್ಕು ಬೆರಳುಗಳು ಹೋದಲ್ಲಿ ಶೇ. 50.
ಉದಾಹರಣೆ: ವಯಸ್ಸು 30 ವರ್ಷ, ಮಾಸಿಕ ವೇತನ ರೂ. 15,000, ಹೆಬ್ಬೆರಳಿನ ನಷ್ಟ. ವೇತನದ ಶೇ. 60 ಅಂದರೆ ರೂ. 9,000. ಇದನ್ನು ಆ ವಯಸ್ಸಿನ ಗುಣಕ 207.98ರಿಂದ ಗುಣಿಸಿದಾಗ ರೂ. 18,71,820. ಅದರ ಶೇ. 30, ಅಂದರೆ ರೂ. 5,61,546 ಪರಿಹಾರದ ಮೊತ್ತ. ಚಿಕಿತ್ಸೆಯ ವಾಸ್ತವಿಕ ವೆಚ್ಚವನ್ನು ಮಾಲೀಕರು ಪ್ರತ್ಯೇಕವಾಗಿ ಭರಿಸಬೇಕು.

5. ಅರ್ಜಿ ಸಲ್ಲಿಕೆ
ಮಾಲೀಕರು ಪರಿಹಾರ ನೀಡದಿದ್ದಲ್ಲಿ ಅಪಘಾತವಾದ 2 ವರ್ಷಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬೇಕು. ಅಪಘಾತ ನಡೆದ ಸ್ಥಳದಲ್ಲಾಗಲಿ, ಅರ್ಜಿದಾರರು ವಾಸಿಸುವ ಊರಿನ ವ್ಯಾಪ್ತಿಯಲ್ಲಾಗಲಿ ಸಲ್ಲಿಸಬಹುದು. ವೈದ್ಯಕೀಯ ದಾಖಲೆಗಳು, ವಯಸ್ಸಿನ ದಾಖಲೆ, ವೇತನ ಚೀಟಿ ಅಥವಾ ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ಲಗತ್ತಿಸುವುದು ಸೂಕ್ತ.

6. ವಿಶೇಷ ಸೂಚನೆ
(ಅ) ಅಲ್ಪ ಮೊತ್ತ ಪಡೆದು "ಮುಂದೆ ಪರಿಹಾರ ಕೇಳುವುದಿಲ್ಲ" ಎಂದು ಬರೆದುಕೊಟ್ಟ ಪತ್ರಕ್ಕೆ ಕಾನೂನಿನಲ್ಲಿ ಮಾನ್ಯತೆ ಇಲ್ಲ. ಹೀಗೆ ಸಹಿ ಮಾಡಿದವರೂ ಅರ್ಜಿ ಸಲ್ಲಿಸಬಹುದು. ಖಾಲಿ ಹಾಳೆಗೆ ಸಹಿ ಮಾಡಬಾರದು.
(ಆ) ಕಾರ್ಮಿಕರು ಗಾರ್ಡನ್ನು ಬೇಕೆಂದೇ ತೆಗೆದದ್ದರಿಂದಲೇ ಗಾಯವಾಗಿದ್ದಲ್ಲಿ ಪರಿಹಾರ ದೊರೆಯದೇ ಇರಬಹುದು. ಆದರೆ ಮರಣ ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯದ ಪ್ರಕರಣಗಳಲ್ಲಿ ಈ ಕಾರಣಕ್ಕಾಗಿ ಪರಿಹಾರ ನಿರಾಕರಿಸುವಂತಿಲ್ಲ.